ನಾನೊಂದು ಲಾಂಗ್ ಕೇಸ್

ವೈದ್ಯಕೀಯ ಪರೀಕ್ಷೆಯಲ್ಲಿ ವಿದ್ಯಾರ್ಥಿ ಒಬ್ಬ ರೋಗಿಯ ಬಳಿ ಬಹಳ ಹೊತ್ತು ಕುಳಿತು, ಕೇಳಿ, ಮುಟ್ಟಿ, ಇದು ಇಂಥದೇ ಕಾಯಿಲೆ ಎಂದು ಪರೀಕ್ಷಕರ ಮುಂದೆ ವಾದಿಸಬೇಕು. ಆ ರೋಗಿಗೆ ‘ಲಾಂಗ್ ಕೇಸ್’ ಎನ್ನುತ್ತಾರೆ. ರುಮಟಾಯ್ಡ್ ಸಂಧಿವಾತ ನನ್ನ ಬೆರಳುಗಳನ್ನು ಸೊಟ್ಟ ಮಾಡಿದ ಮೇಲೆ ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯವರು ನನ್ನನ್ನು ಈ ಕೆಲಸಕ್ಕೆ ಕರೆಯುತ್ತಿದ್ದಾರೆ. ಬಸ್ ಚಾರ್ಜು, ಮಧ್ಯಾಹ್ನದ ಊಟ ಅವರದು. ಷರತ್ತು ಒಂದೇ: ಕಾಯಿಲೆಯ ಹೆಸರನ್ನು ನಾನು ಬಾಯಿಬಿಡಬಾರದು. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು ನಾನು. ಮಂಚದ ಮೇಲೆ ಮಲಗಿಕೊಂಡೇ ಅವರಿಗೆ ಅಂಕ ಹಾಕುತ್ತಿರುತ್ತೇನೆ.

ಕೀಲುವಾತದ ತಜ್ಞರಾಗಲು ಹೊರಟ ಈ ಮಕ್ಕಳ ಓದು ಎಷ್ಟು ಉದ್ದವೆಂದು ತಿಳಿದದ್ದೂ ಅವರಿಂದಲೇ. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ. ನೀಟ್ ಪಿ.ಜಿ. ಪ್ರವೇಶ ಪರೀಕ್ಷೆ ಬರೆದು ಜನರಲ್ ಮೆಡಿಸಿನ್‌ನಲ್ಲೋ ಮಕ್ಕಳ ವೈದ್ಯಕೀಯದಲ್ಲೋ ಎಂ.ಡಿ. ಎಂಬ ಸ್ನಾತಕೋತ್ತರ ಪದವಿ 3 ವರ್ಷ. ಮತ್ತೆ ನೀಟ್ ಎಸ್.ಎಸ್. ಎಂಬ ಇನ್ನೊಂದು ಪ್ರವೇಶ ಪರೀಕ್ಷೆ ಗೆದ್ದು ಕ್ಲಿನಿಕಲ್ ಇಮ್ಯುನಾಲಜಿ ಮತ್ತು ರುಮಟಾಲಜಿಯಲ್ಲಿ, ಅಂದರೆ ರೋಗನಿರೋಧಕ ಶಕ್ತಿ ಮತ್ತು ಕೀಲುವಾತದ ವಿಭಾಗದಲ್ಲಿ, ಡಿ.ಎಂ. ಎಂಬ ಅದಕ್ಕೂ ಮೇಲಿನ ಪದವಿ ಇನ್ನೂ 3 ವರ್ಷ. ಹದಿನೆಂಟಕ್ಕೆ ಕಾಲೇಜು ಸೇರಿದವರು ಎಲ್ಲೂ ಎಡವದಿದ್ದರೂ ಮುಗಿಸುವಾಗ ಮೂವತ್ತರ ಹೊಸ್ತಿಲಲ್ಲಿರುತ್ತಾರೆ. ಪ್ರವೇಶ ಪರೀಕ್ಷೆಗೆಂದು ಮನೆಯಲ್ಲಿ ಕುಳಿತು ಓದಿದ ವರ್ಷಗಳ ಲೆಕ್ಕ ಬೇರೆ.

‘ಅದೇ, ಮೂಳೆ ಡಾಕ್ಟರು ತಾನೇ?’ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಅಲ್ಲ. ಮೂಳೆಯವರದು ಶಸ್ತ್ರಚಿಕಿತ್ಸೆಯ ದಾರಿ. ಇವರು ಹಿಡಿದುಕೊಳ್ಳುವುದು ದೇಹದ ರಕ್ಷಣಾ ಪಡೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಗಳನ್ನು. ಅಂಥವುಗಳಲ್ಲಿ ಒಂದಾದ ಲೂಪಸ್ ಬಂದ ಹುಡುಗಿ ಕೀಲುನೋವೆಂದು ಬಂದಿರುತ್ತಾಳೆ, ಅಷ್ಟರಲ್ಲಿ ಅವಳ ಮೂತ್ರಪಿಂಡ ಹಾಳಾಗತೊಡಗಿರಬಹುದು. ಇಡೀ ಒಡಲನ್ನು ಬಲ್ಲವರಿಗೇ ಕೀಲು ಅರ್ಥವಾಗುವುದು, ಅದಕ್ಕೇ ಮೊದಲು ಎಂ.ಡಿ. ಬೇಕು.

ಪುಸ್ತಕದ ವಿದ್ಯೆ ಇರಲಿ, ನನಗೆ ತಿಳಿಯುವುದು ಬೆರಳಿನ ವಿದ್ಯೆ. ಕೀಲನ್ನು ಒತ್ತಿ ನೋವಿದೆಯೇ ಎಂದು ನೋಡುವಾಗ ವೈದ್ಯರ ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಬೇಕು, ಅದಕ್ಕಿಂತ ಹೆಚ್ಚಲ್ಲ. ಹೊಸಬರು ಹಪ್ಪಳದ ಹಿಟ್ಟು ಒತ್ತಿದಂತೆ ಒತ್ತುತ್ತಾರೆ, ಇಲ್ಲವೇ ಹೆದರಿ ಸವರಿ ಬಿಡುತ್ತಾರೆ. ಡಿ.ಎಂ.ನ ಮೂರನೆಯ ವರ್ಷಕ್ಕೆ ಬಂದವರು ಮಾತಾಡುತ್ತಲೇ ಬೆರಳಿನ ಗಿಣ್ಣುಗಳನ್ನು ಒಂದೊಂದಾಗಿ ದಾಟುತ್ತಾರೆ. ಕಣ್ಣು ಮಾತ್ರ ನನ್ನ ಮುಖದ ಮೇಲೆ, ಹುಬ್ಬು ಎಲ್ಲಿ ಗಂಟಿಕ್ಕಿತು ಎಂದು. ಊತ ಮೆತ್ತಗಿದ್ದರೆ ಒಳಪೊರೆ ಉರಿಯುತ್ತಿದೆ, ಗಟ್ಟಿಯಾಗಿದ್ದರೆ ಸವೆತದಿಂದ ಬೆಳೆದ ಮೂಳೆ. ಈ ವ್ಯತ್ಯಾಸವನ್ನು ನೂರಾರು ಕೈಗಳನ್ನು ಮುಟ್ಟಿಯೇ ಕಲಿಯಬೇಕಂತೆ.

ಕೇಳುವುದನ್ನೂ ಕಲಿಯಬೇಕು. ‘ಬೆಳಿಗ್ಗೆ ಕೈ ಬಿಗಿ ಎಷ್ಟು ನಿಮಿಷ ಇರುತ್ತದೆ?’ ಎಂದು ಎಲ್ಲರೂ ಕೇಳುತ್ತಾರೆ. ಗಡಿಯಾರ ನೋಡಿಕೊಂಡು ನೋವನ್ನು ಅಳೆಯುವವರು ಯಾರು? ಕೇರಳದಿಂದ ಬಂದು ಕನ್ನಡ ಕಲಿತ ಹುಡುಗಿಯೊಬ್ಬಳು, ‘ಅಮ್ಮಾ, ಎದ್ದ ಎಷ್ಟು ಹೊತ್ತಿಗೆ ಹಾಲಿನ ಪಾಕೆಟ್ ಕತ್ತರಿಸಲು ಆಗುತ್ತದೆ?’ ಎಂದು ಕೇಳಿದಳು. ‘ಮಗ ಸ್ನಾನಕ್ಕೆ ಹೋಗಿ ಬಂದ ಮೇಲೆ, ಡಾಕ್ಟರೇ’ ಎಂದೆ. ಒಂದು ಗಂಟೆ ಎಂದು ಬರೆದುಕೊಂಡಳು. ಸರಿಯಾಗಿಯೇ ಇತ್ತು.

ನನ್ನ ದೊಡ್ಡ ತಕರಾರು ಪಾದದ್ದು. ಕಾಯಿಲೆ ಎಷ್ಟು ಜೋರಾಗಿದೆಯೆಂದು ಅಳೆಯಲು ಇವರು 28 ಕೀಲುಗಳನ್ನು ಎಣಿಸುತ್ತಾರೆ: ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಎರಡೆರಡು, ಉಳಿದ ಇಪ್ಪತ್ತು ಕೈಬೆರಳಿನವು. ಪಾದ, ಹರಡು ಲೆಕ್ಕಕ್ಕೇ ಇಲ್ಲ. ನನಗೆ ಮೊದಲು ನೋವು ಬಂದದ್ದೇ ಪಾದದಲ್ಲಿ, ಬೆರಳುಗಳ ಬುಡದಲ್ಲಿ. ಬೇಗ ಎಣಿಸಿ ಮುಗಿಸಲು 28 ಅನುಕೂಲ ಎನ್ನುತ್ತಾರೆ, ಒಪ್ಪೋಣ. ಆದರೆ ಹಾಸಿಗೆಯ ಬಳಿ ಬಂದವರು ಕಾಲುಚೀಲ ತೆಗೆಸಿ ನೋಡದೆ ಹೋದರೆ ನನ್ನ ಲೆಕ್ಕದಲ್ಲಿ ಅರ್ಧ ಅಂಕ ಕಟ್. ಒಮ್ಮೆ ಹೊರರಾಜ್ಯದಿಂದ ಬಂದಿದ್ದ ಪರೀಕ್ಷಕರು ಇದನ್ನೇ ಕೇಳಿ ಹುಡುಗನೊಬ್ಬನನ್ನು ಬೆವರಿಳಿಸಿದರು. ಪಾಪ ಅನ್ನಿಸಿತು, ಸಂತೋಷವೂ ಆಯಿತು.

ಲ್ಯಾಬಿನ ಕೆಲಸವನ್ನೂ ಇವರು ತಾವೇ ಕಲಿಯುತ್ತಾರೆ. ಕೀಲಿನಿಂದ ತೆಗೆದ ನೀರನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟುವ ಗೌಟ್ ಕಾಯಿಲೆಯಾಗಿದ್ದರೆ ಆ ಹರಳುಗಳು ಸೂಜಿಗಳಂತೆ ಕಾಣುತ್ತವೆ. ಒಬ್ಬ ವಿದ್ಯಾರ್ಥಿ ನನಗೂ ತೋರಿಸಿದ: ಹಳದಿಯಾಗಿದ್ದ ಸೂಜಿ, ಪಟ್ಟಿಯನ್ನು ತಿರುಗಿಸಿದರೆ ನೀಲಿ. ರೇಖಾಗಣಿತದವಳಿಗೆ ಇದಕ್ಕಿಂತ ಚೆಂದದ ಕೋನ ಎಲ್ಲಿ ಸಿಗಬೇಕು!

ನನ್ನ ತವರು ಸಾಗರ. ಹಂದಿಗೋಡು ಕಾಯಿಲೆ ಗೊತ್ತೇ ಎಂದು ನಾನು ಎಲ್ಲರನ್ನೂ ಕೇಳುತ್ತೇನೆ. 1970ರ ದಶಕದಲ್ಲಿ ನಮ್ಮ ತಾಲ್ಲೂಕಿನ ಆ ಹಳ್ಳಿಯಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮೊಣಕಾಲನ್ನು ತಿನ್ನುವ ವಂಶವಾಹಿ ರೋಗ ಅದು. ರೋಗನಿರೋಧಕ ಶಕ್ತಿ ತಿರುಗಿಬಿದ್ದು ಬರುವ ಸಂಧಿವಾತವಲ್ಲ. ಎರಡನ್ನೂ ಬೇರೆ ಮಾಡಿ ಗುರುತಿಸುವುದೂ ಇವರ ಕಸುಬೇ. ಕೆಲವರಿಗೆ ಗೊತ್ತಿರುತ್ತದೆ, ಕೆಲವರು ಮೊಬೈಲ್ ತೆಗೆಯುತ್ತಾರೆ.

ಡಿ.ಎಂ. ಮುಗಿಸಿದವರು ಎಲ್ಲಿಗೆ ಹೋಗುತ್ತೀರಿ ಎಂದರೆ ನಾನು ಕೇಳಿದವರ ಉತ್ತರ ಬಹುಪಾಲು ಬೆಂಗಳೂರೇ. ತಪ್ಪೆನ್ನಲಾರೆ. ಆದರೆ ನನ್ನ ಬೆರಳುಗಳು ಸೊಟ್ಟಗಾದದ್ದು ಮೊದಲ ಕೆಲವು ವರ್ಷ ಬರೀ ನೋವಿನ ಮಾತ್ರೆಯಲ್ಲಿ ಕಳೆದುಹೋದದ್ದರಿಂದ. ನೋವನ್ನಷ್ಟೇ ಅಲ್ಲ, ಕಾಯಿಲೆಯನ್ನೇ ಹತೋಟಿಗೆ ತರುವ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಆಗಲೇ ಸಿಕ್ಕಿದ್ದರೆ ನಾನು ಲಾಂಗ್ ಕೇಸ್ ಆಗುತ್ತಿರಲಿಲ್ಲವೇನೋ. ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಜಿಲ್ಲೆಗಳಿಗೆ ಹೋಗುವ ಪ್ರತಿಯೊಬ್ಬ ಎಂ.ಡಿ. ವಿದ್ಯಾರ್ಥಿಯೂ ಎರಡು ತಿಂಗಳು ಈ ವಿಭಾಗದಲ್ಲಿ ದುಡಿಯಲಿ. ಮುಟ್ಟಿ ಕಲಿಯಲು ಕೈ ಬೇಕಾದರೆ ನಾನು ಬರುತ್ತೇನೆ, ಕಾಲುಚೀಲವನ್ನೂ ತೆಗೆದೇ ಕುಳಿತಿರುತ್ತೇನೆ.