ಏಣಿಯ ಕೊಕ್ಕೆ ಮತ್ತು ಐದು ಸೇರು ಅಕ್ಕಿಯ ಸಂಡಿಗೆ

ನನ್ನ ಎಡಗೈ ತೋರುಬೆರಳಿನ ಒಳಭಾಗದಲ್ಲಿ ಅಡ್ಡಕ್ಕೆ ಒಂದು ಗೆರೆ ಇದೆ. ಗಾಯದ ಗುರುತಲ್ಲ. ನಾಲ್ಕು ಲೀಟರಿನ ಬಣ್ಣದ ಡಬ್ಬಿಯ ತಂತಿ ಹಿಡಿಕೆ ಒಂಬತ್ತು ವರ್ಷ ಅದೇ ಜಾಗದಲ್ಲಿ ಕೂತು ಮಾಡಿದ ಜಡ್ಡು. ಮತದಾನದ ದಿನ ಶಾಯಿ ಹಚ್ಚುವ ಸಿಬ್ಬಂದಿ ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಏಕೆಂದರೆ ಉಗುರಿನ ಸುತ್ತ ಮೊದಲೇ ಯಾವುದೋ ಬಣ್ಣ ಇರುತ್ತದೆ. 1962ರಿಂದ ದೇಶದ ಚುನಾವಣೆಗಳಿಗೆ ಆ ಶಾಯಿ ಹೋಗುತ್ತಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ. "ಎರಡನೇ ಕೋಟ್ ಎಂದುಕೊಂಡು ಹಚ್ಚಿಬಿಡಿ ಮೇಡಂ" ಎಂದು ಒಮ್ಮೆ ಹೇಳಿದ್ದೆ, ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಉಗುರಿನ ಬಣ್ಣ ಈ ಕಸುಬಿನಲ್ಲಿ ತಪ್ಪಿದ್ದಲ್ಲ. ಆದರೆ ಆ ಜಡ್ಡು ಬೀಳಬೇಕಾಗಿರಲಿಲ್ಲ. ಅರವತ್ತು ರೂಪಾಯಿಯ ಒಂದು ಕಬ್ಬಿಣದ ಕೊಕ್ಕೆ ಇದ್ದಿದ್ದರೆ ಸಾಕಿತ್ತು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮೇಸ್ತ್ರಿಯ ಹತ್ತಿರ ಬೊಂಬಿನ ಏಣಿ ಇತ್ತು. ಅದರ ಅಡ್ಡಗೋಲುಗಳು ಎರಡೂ ಪಕ್ಕದ ಗಳಗಳನ್ನು ತೂರಿಕೊಂಡು ಎರಡು ಮೂರು ಇಂಚು ಆಚೆಗೆ ಚಾಚಿಕೊಂಡಿರುತ್ತಿದ್ದವು. ಮೇಸ್ತ್ರಿ ಏಣಿ ಹತ್ತಿ, ಬಲಗಡೆ ಚಾಚಿದ ತುದಿಗೆ ಡಬ್ಬಿಯ ಹಿಡಿಕೆ ಸಿಕ್ಕಿಸಿ, ಎಡಗೈಯಲ್ಲಿ ಗಳ ಹಿಡಿದು ಆರಾಮವಾಗಿ ಬ್ರಷ್ ಆಡಿಸುತ್ತಿದ್ದರು. ಅದೊಂದು ಸೌಕರ್ಯ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಎರಡನೇ ವರ್ಷ ಅಲ್ಯೂಮಿನಿಯಂ ಏಣಿ ಬಂತು. ಹಗುರ, ಎಳೆದರೆ ಉದ್ದವಾಗುತ್ತದೆ, ಹುಳು ಹಿಡಿಯುವುದಿಲ್ಲ. ಎಲ್ಲರೂ ಮೆಚ್ಚಿದೆವು. ಆದರೆ ಅದರ ಮೆಟ್ಟಿಲುಗಳ ತುದಿ ಪಕ್ಕದ ಪಟ್ಟಿಗೆ ಸಮವಾಗಿ ಮುಗಿದುಹೋಗುತ್ತದೆ, ಡಬ್ಬಿ ಸಿಕ್ಕಿಸಲು ಏನೂ ಇಲ್ಲ. ಹಾಗಾಗಿ ಡಬ್ಬಿ ಎಡಗೈಗೆ ಬಂತು. ಏಣಿ ಬದಲಾಯಿಸಿದ್ದರಿಂದ ನಮ್ಮ ಒಂದು ಕೈ ಹೋಯಿತು ಎಂಬುದನ್ನು ನಾವು ಆರೆಂಟು ಜನರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹೊರಗೋಡೆಗೆ ಹೊಡೆಯುವ ಎಮಲ್ಷನ್ ನೀರಿಗಿಂತ ಭಾರ. ನಾಲ್ಕು ಲೀಟರ್ ತುಂಬಿದ ಡಬ್ಬಿ ಐದೂವರೆ ಕಿಲೋದ ಆಸುಪಾಸು ತೂಗುತ್ತದೆ. ಅದನ್ನು ಎಡಗೈಯಲ್ಲಿ, ನಾಲ್ಕು ಇಂಚಿನ ಬ್ರಷ್ಷನ್ನು ಬಲಗೈಯಲ್ಲಿ ಹಿಡಿದು ಹನ್ನೆರಡು ಅಡಿ ಮೇಲೆ ನಿಂತರೆ ಏಣಿಗೂ ನಮಗೂ ಉಳಿಯುವ ಸಂಬಂಧ ಎರಡು ಪಾದ ಮತ್ತು ಮೆಟ್ಟಿಲಿಗೆ ಒತ್ತಿಕೊಂಡ ಮೊಣಕಾಲು ಮಾತ್ರ. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು ಯಾವಾಗಲೂ ಏಣಿಯನ್ನು ಬಿಡಬಾರದು ಎಂಬ ನಿಯಮವನ್ನು ನಾವೇ ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದೆವು. ಹೇಳಿಕೊಟ್ಟು, ಡಬ್ಬಿ ಎತ್ತಿಕೊಂಡು ನಾವೇ ಹತ್ತುತ್ತಿದ್ದೆವು.

ಹತ್ತನೇ ವರ್ಷ ನಾನೇ ಗುತ್ತಿಗೆ ಹಿಡಿಯಲು ಶುರುಮಾಡಿದೆ. ಯಾವುದೋ ಕಟ್ಟಡದ ಮೋಲ್ಡಿಂಗ್ ಕೆಲಸದಲ್ಲಿ ಉಳಿದಿದ್ದ ಆರು ಎಂಎಂ ಕಂಬಿಯ ತುಂಡು ಸಿಕ್ಕಿತು. ನೀರಿನ ಪೈಪಿಗೆ ಒತ್ತಿ ಬಗ್ಗಿಸಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಾಡಿದೆ. ಮೇಲಿನ ಬಾಯಿ ಏಣಿಯ ಮೆಟ್ಟಿಲಿಗೆ, ಕೆಳಗಿನ ಬಾಯಿ ಡಬ್ಬಿಯ ಹಿಡಿಕೆಗೆ. ಒಂದು ವಾರ ಸ್ವರ್ಗದಲ್ಲಿದ್ದೆ. ಎಡಗೈ ಖಾಲಿ ಇರುವುದೇ ವಿಚಿತ್ರ ಎನ್ನಿಸುತ್ತಿತ್ತು, ಎಲ್ಲಿ ಇಡಬೇಕೆಂದು ತಿಳಿಯದೆ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದೆ.

ಎಂಟನೇ ದಿನ ಸಂಡಿಗೆಯ ಪ್ರಸಂಗ ನಡೆಯಿತು.

ಯುಗಾದಿಗೆ ಹದಿನೈದು ದಿನ ಇತ್ತು. ಎರಡು ಅಂತಸ್ತಿನ ಮನೆ. ತಾರಸಿಯ ಮೇಲೆ ಮೆಟ್ಟಿಲ ಕೋಣೆಯ ಹೊರಗೋಡೆಗೆ ಇಟ್ಟಿಗೆ ಕೆಂಪಿನ ಎರಡನೇ ಕೋಟ್ ಹೊಡೆಯುತ್ತಿದ್ದೆ. ಏಣಿಯಿಂದ ಮೂರು ಅಡಿ ದೂರದಲ್ಲಿ ಆ ಮನೆಯ ಅಜ್ಜಿ ಹಳೆಯ ಬಿಳಿ ಪಂಚೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಬೆಳಗಿನ ಜಾವವೇ ಎದ್ದು ಒತ್ತಿದ್ದ ಅಕ್ಕಿ ಸಂಡಿಗೆಯನ್ನು ಒಣಗಲು ಬಿಟ್ಟಿದ್ದರು. ನಾನು ನೋಡಿದ್ದೆ. ಸ್ವಲ್ಪ ಸರಿಸಿಕೊಳ್ಳಿ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಮೂರು ಅಡಿ ದೂರ ಇದೆಯಲ್ಲ ಎಂದುಕೊಂಡೆ.

ಕೋಣೆಯ ತುದಿಯ ಪಟ್ಟಿ ಮುಗಿಸಿ ಒಂದು ಮೆಟ್ಟಿಲು ಇಳಿಯಲು ಕಾಲು ತೆಗೆದೆ. ಸಮತೋಲಕ್ಕೆಂದು ಇನ್ನೊಂದು ಮೊಣಕಾಲನ್ನು ಮಡಚಿದಾಗ ಅದು ಡಬ್ಬಿಯ ತಳಕ್ಕೆ ತಾಗಿ ಡಬ್ಬಿಯನ್ನು ಅಂಗುಲದಷ್ಟು ಮೇಲಕ್ಕೆತ್ತಿತು. ಅಷ್ಟೇ. ಭಾರ ಇರುವವರೆಗೆ ಮೆಟ್ಟಿಲನ್ನು ಕಚ್ಚಿಕೊಂಡಿದ್ದ ಕೊಕ್ಕೆ, ಭಾರ ತಪ್ಪಿದ ಆ ಅರೆಕ್ಷಣದಲ್ಲಿ ಹೊರಳಿ ಮೆಟ್ಟಿಲಿನಿಂದ ಕಳಚಿಕೊಂಡಿತು. ಮೊಣಕಾಲು ಕೆಳಗೆ ಬಂತು, ಡಬ್ಬಿಯೂ ಬಂತು. ಕೆಳಗಿನ ಮೆಟ್ಟಿಲಿಗೆ ಬಡಿದು, ಗಾಳಿಯಲ್ಲೇ ಮಗುಚಿ, ಮೂರು ಲೀಟರ್ ಬಣ್ಣ ಬೀಸಣಿಗೆಯ ಹಾಗೆ ಹರಡಿಕೊಂಡು ಪಂಚೆಯ ಮೇಲೆ ಬಿತ್ತು.

ಆ ಮನೆಯ ಏಳು ವರ್ಷದ ಹುಡುಗ ಓಡಿ ಬಂದು ನೋಡಿ, "ಅಜ್ಜಿ, ಟೊಮೆಟೊ ಸಂಡಿಗೆ" ಎಂದ. ಅಜ್ಜಿ ನಗಲಿಲ್ಲ. ಪಂಚೆಯ ಮೂಲೆ ಎತ್ತಿ, ಬಿಟ್ಟು, "ಐದು ಸೇರು ಅಕ್ಕಿ" ಎಂದರು. ನಾನು ದುಡ್ಡು ಹಿಡಿದುಕೊಳ್ಳಿ ಅಜ್ಜಿ ಎಂದೆ. "ದುಡ್ಡು ಕೊಟ್ಟರೆ ಒರಳು ಯಾರಪ್ಪ ಒತ್ತುತ್ತಾರೆ? ಭಾನುವಾರ ಬೆಳಗ್ಗೆ ಐದು ಗಂಟೆಗೆ ಬಾ" ಎಂದರು.

ಹೋದೆ. ಹೋಗದೆ ಇರುವ ಹಾಗಿರಲಿಲ್ಲ, ಬಾಕಿ ಹಣ ಅವರ ಮಗನ ಹತ್ತಿರವೇ ಇತ್ತು. ಬೇಯಿಸಿದ ಹಿಟ್ಟು ಬಿಸಿ ಬಿಸಿ ಇರುವಾಗಲೇ ಚಕ್ಕುಲಿ ಒರಳಿಗೆ ತುಂಬಿ ಒತ್ತಬೇಕು, ಆರಿದರೆ ಗಟ್ಟಿಯಾಗಿ ಇಳಿಯುವುದೇ ಇಲ್ಲ. ಒಂಬತ್ತು ವರ್ಷ ಬ್ರಷ್ ಹಿಡಿದ ತೋಳು ಎರಡನೇ ಸೇರಿಗೇ ಸೋತಿತು. ಬಿಸಿಲು ಏರುವ ಹೊತ್ತಿಗೆ ಅಜ್ಜಿ ಪಕ್ಕದ ಹಗ್ಗದ ಮೇಲೆ ಒಗೆದ ಬಟ್ಟೆ ಹರವಿ ಒಂದೊಂದಕ್ಕೂ ಕ್ಲಿಪ್ ಹಾಕುತ್ತಾ ಬಂದರು. ಹಾಕುತ್ತಾ, ನನ್ನ ಮುಖ ನೋಡದೆಯೇ ಕೇಳಿದರು: "ಹಾರಿಹೋದರೆ ಕೆಳಗಿನ ಮನೆಗೆ ಬೀಳುತ್ತದೆ ಎಂದು ಒಂದು ಒದ್ದೆ ಟವೆಲಿಗೂ ಕ್ಲಿಪ್ ಹಾಕುತ್ತೇವೆ. ನಿನ್ನ ಡಬ್ಬಿಗೆ ಯಾಕಪ್ಪ ಹಾಕಿರಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಬಿ ಗಟ್ಟಿಯಾಗಿದೆಯೇ, ಭಾರ ತಡೆಯುತ್ತದೆಯೇ ಎಂದಷ್ಟೇ ನಾನು ನೋಡಿದ್ದೆ. ಡಬ್ಬಿ ಕೆಳಕ್ಕೆ ಜಗ್ಗುವುದನ್ನು ಯೋಚಿಸಿದ್ದೆ, ಮೇಲಕ್ಕೆ ಎಗರುವುದನ್ನು ಯೋಚಿಸಿರಲಿಲ್ಲ.

ಮರುದಿನ ಸೈಕಲ್ ರಿಪೇರಿ ಅಂಗಡಿಯಿಂದ ಒಂದು ಹಳೆಯ ಟ್ಯೂಬ್ ತಂದು ಬಳೆಯ ಹಾಗೆ ಕತ್ತರಿಸಿದೆ. ಕೊಕ್ಕೆಯನ್ನು ಮೆಟ್ಟಿಲಿಗೆ ಹಾಕಿದ ಮೇಲೆ ಈ ರಬ್ಬರ್ ಬಳೆಯನ್ನು ಕೊಕ್ಕೆಯ ತುದಿಯಿಂದ ಎಳೆದು ಅದರ ಬೆನ್ನಿಗೆ ಸಿಕ್ಕಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಡಬ್ಬಿಯ ಕಡೆಯ ಬಾಯಿಗೂ ಹಾಗೆಯೇ. ಆಮೇಲೆ ಮೊಣಕಾಲು ಎಷ್ಟೋ ಸಲ ತಾಗಿದೆ, ಕೊಕ್ಕೆ ಒಮ್ಮೆಯೂ ಕಳಚಿಲ್ಲ. ರಬ್ಬರ್ ಬಿಸಿಲಿಗೆ ಬಿರುಕು ಬಿಡುತ್ತದೆ, ಅದಕ್ಕೆ ಎರಡು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ.

ಕೊಕ್ಕೆಯನ್ನೂ ವೆಲ್ಡಿಂಗ್ ಅಂಗಡಿಯಲ್ಲಿ ಎಂಟು ಎಂಎಂ ಕಂಬಿಯಲ್ಲಿ ಹೊಸದಾಗಿ ಮಾಡಿಸಿದೆ. ಅಲ್ಲಿನ ಹುಡುಗ ಚೆನ್ನಾಗಿ ಕಾಣಲಿ ಎಂದು ನಡುವೆ ಕಾಲು ಸುತ್ತು ತಿರುಚಿ ಕೊಟ್ಟ. ನೋಡಲು ಚಂದ, ಕೆಲಸಕ್ಕೆ ಶನಿ. ತಿರುಚದ ಕೊಕ್ಕೆಯಲ್ಲಿ ಡಬ್ಬಿಯ ಹಿಡಿಕೆ ಏಣಿಯ ಮೆಟ್ಟಿಲಿಗೆ ಸಮಾನಾಂತರವಾಗಿ ನಿಲ್ಲುತ್ತದೆ, ನಮ್ಮ ಕಡೆಯ ಅರ್ಧ ಬಾಯಿ ಬ್ರಷ್ಷಿಗೆ ಪೂರ್ತಿ ತೆರೆದಿರುತ್ತದೆ. ತಿರುಚಿದರೆ ಹಿಡಿಕೆಯ ಒಂದು ತುದಿ ನೇರ ನಮ್ಮ ಎದೆಗೆ ಬರುತ್ತದೆ, ಅದ್ದಿದಾಗೆಲ್ಲ ಬ್ರಷ್ ಅದಕ್ಕೆ ಬಡಿದು ಮುಂಗೈ ತುಂಬ ಬಣ್ಣ. ವಾಪಸ್ ಹೋಗಿ ನೆಟ್ಟಗೆ ಮಾಡಿಸಿಕೊಂಡು ಬಂದೆ.

ಕೊಕ್ಕೆ ಸರಿಯಾದ ಮೇಲೆ ಡಬ್ಬಿಯ ಕಿವಿಗಳ ಕಡೆ ಗಮನ ಹೋಯಿತು. ತಂತಿ ಹಿಡಿಕೆ ಸಿಕ್ಕಿಕೊಂಡಿರುವ ತೂತುಗಳಿಗೆ ನಾವು ಕಿವಿ ಎನ್ನುತ್ತೇವೆ. ತಗಡಿನ ಡಬ್ಬಿಯಲ್ಲಿ ಅವು ತುಕ್ಕು ಹಿಡಿದು ಅಗಲವಾಗುತ್ತವೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಜೋರಾಗಿ ಜಗ್ಗಿದರೆ ತಂತಿ ಕಿವಿಯಿಂದ ಪಟ್ಟನೆ ಹೊರಬರುತ್ತದೆ. ಕೈಯಲ್ಲಿ ಹಿಡಿದಾಗ ಇದು ಮೊದಲೇ ಗೊತ್ತಾಗುತ್ತದೆ, ಬೆರಳಿಗೆ ಸಡಿಲ ತಿಳಿಯುತ್ತದೆ. ಕೊಕ್ಕೆಗೆ ಹಾಕಿದಾಗ ಹೇಳುವವರು ಯಾರೂ ಇಲ್ಲ. ಅದಕ್ಕೆ ನಾನು ಏಣಿಗಾಗಿಯೇ ಒಂದು ಒಳ್ಳೆಯ ತಗಡಿನ ಡಬ್ಬಿ ಇಟ್ಟುಕೊಂಡು, ಅಂಗಡಿಯಿಂದ ಬಂದ ಬಣ್ಣವನ್ನು ಅದಕ್ಕೆ ಸುರಿದುಕೊಳ್ಳುತ್ತೇನೆ. ಅರ್ಧದಷ್ಟು ಮಾತ್ರ. ನಾಲ್ಕು ಇಂಚಿನ ಬ್ರಷ್ಷಿನ ಕೂದಲು ಮೂರನೇ ಒಂದು ಪಾಲು ಅದ್ದಿದರೆ ಸಾಕು. ಉಳಿದ ಒಳಗೋಡೆ ಹೆಚ್ಚಾದ ಬಣ್ಣ ಒರೆಸಲು ಬೇಕು.

ಬೊಂಬಿನ ಏಣಿಯ ಆ ಚಾಚಿದ ತುದಿ ಮಾತ್ರ ಮನಸ್ಸಿನಿಂದ ಹೋಗಿರಲಿಲ್ಲ. ನಮ್ಮ ಅಲ್ಯೂಮಿನಿಯಂ ಏಣಿಯ ಮೆಟ್ಟಿಲುಗಳು ಒಳಗೆ ಟೊಳ್ಳು, ಎರಡೂ ಕಡೆ ತೂತು ಕಾಣುತ್ತದೆ. ಹನ್ನೆರಡು ಎಂಎಂ ಸರಳನ್ನು ಆರಪಾರ ತೂರಿಸಿ, ಎಡತುದಿಗೆ ಅಡ್ಡಪಿನ್ ಹಾಕಿ, ಬಲತುದಿಯನ್ನು ಮೇಲಕ್ಕೆ ಬಗ್ಗಿಸಿದರೆ ಹಳೆಯ ತುದಿ ಮತ್ತೆ ಹುಟ್ಟಿತಲ್ಲ! ಮಾಡಿಸಿದೆ. ಮೊಣಕಾಲಿನ ಕಾಟವೇ ಇಲ್ಲ. ಆದರೆ ಇಷ್ಟು ಭಾರ ಏಣಿಯ ಆಚೆ ತೂಗಿದರೆ ಏಣಿ ಪಕ್ಕಕ್ಕೆ ಉರುಳುವುದಿಲ್ಲವೇ ಎಂಬ ಅಳುಕು ಇತ್ತು. ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗನ ಮುಂದೆ ಲೆಕ್ಕ ಇಟ್ಟೆ. ನಾನು ಏಣಿಯ ನಡುವಿನಿಂದ ಅಳೆಯುತ್ತಿದ್ದೆ.

"ಮಾವ, ಏಣಿ ಉರುಳುವುದಾದರೆ ಅದರ ಬಲಗಾಲಿನ ಮೇಲೆ ತಿರುಗಿ ಉರುಳುತ್ತದೆ. ಅಲ್ಲಿಂದ ಅಳೆಯಿರಿ" ಎಂದ.

ಏಣಿಯ ಅಗಲ 16 ಇಂಚು. ನಡುವೆ ನಿಂತರೆ ಏಣಿಯ ಬಲಗಾಲಿಗೂ ನನಗೂ 8 ಇಂಚು ಅಂತರ, ನನ್ನ ತೂಕ 70 ಕಿಲೋ. ಅರ್ಧ ಡಬ್ಬಿ 3 ಕಿಲೋ, ಬಲಗಾಲಿನಿಂದ 6 ಇಂಚು ಆಚೆ. ಮೂರಾರಲೆ ಹದಿನೆಂಟು. ಅದನ್ನು 70ರಿಂದ ಭಾಗಿಸಿದರೆ ಸುಮಾರು ಕಾಲು ಇಂಚು. ಅಂದರೆ ನಾನು ಬಲಕ್ಕೆ ಕಾಲು ಇಂಚು ಸರಿದು ನಿಂತಷ್ಟೇ ಪರಿಣಾಮ. ನನ್ನ ಅಳುಕಿಗೆ ನಾನೇ ನಕ್ಕೆ. ಆಮೇಲೆ ಅವನೇ ಹತ್ತು ಲೀಟರಿನ ತುಂಬಿದ ಬಕೆಟ್ಟಿನ ಲೆಕ್ಕ ಹಾಕಿದ. 14 ಕಿಲೋ, ದಪ್ಪ ಇರುವುದರಿಂದ 7 ಇಂಚು ಆಚೆ. ಉತ್ತರ 1.4 ಇಂಚು. ಸುಮ್ಮನೆ ನಿಂತಾಗ ಅದೂ ಹೆಚ್ಚಲ್ಲ. ಆದರೆ ಏಣಿ ಸರಿಸಲು ಸೋಮಾರಿತನವಾಗಿ, ಉಳಿದ ಒಂದು ಗೇಣು ಗೋಡೆಯನ್ನು ಬಾಗಿ ಮುಗಿಸಿಬಿಡೋಣ ಎಂದು ಆರೂವರೆ ಏಳು ಇಂಚು ಬಲಕ್ಕೆ ವಾಲಿರುತ್ತೇವಲ್ಲ, ಆಗ ಕೈಯಲ್ಲಿ ಉಳಿದಿರುವುದೇ ಒಂದು ಒಂದೂವರೆ ಇಂಚು. ಬಕೆಟ್ ತಿಂದುಹಾಕುವುದು ಅದನ್ನೇ.

ಅದಕ್ಕಿಂತ ದೊಡ್ಡ ತೊಂದರೆ ಲೆಕ್ಕಕ್ಕೆ ಸಿಗುವುದಿಲ್ಲ. ಡಬ್ಬಿ ಎಲ್ಲಿದೆಯೋ ಮೈ ಅಲ್ಲಿಗೆ ಹೋಗುತ್ತದೆ. ಬಣ್ಣ ಏಣಿಯ ಆಚೆ ಇದ್ದರೆ ಕೈ ಇನ್ನೂ ಆಚೆಗೆ ಚಾಚುತ್ತದೆ, ಹೊಕ್ಕುಳು ಎರಡು ಪಟ್ಟಿಗಳ ನಡುವಿನಿಂದ ಹೊರಗೆ ಹೋದದ್ದೇ ತಿಳಿಯುವುದಿಲ್ಲ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹಿಂದಕ್ಕೆ ಎಂದು ಏಣಿಯನ್ನು ಎಷ್ಟು ಸರಿಯಾಗಿ ಊರಿದರೂ ಅದು ಪಕ್ಕದ ವಾಲಿಗೆ ಕಾವಲಲ್ಲ. ಆ ಸರಳನ್ನು ಮೂಲೆಗೆ ಹಾಕಿದೆ. ಮೇಸ್ತ್ರಿ ಬೊಂಬಿನ ತುದಿಗೆ ಸಿಕ್ಕಿಸಿಯೂ ಬೀಳದೆ ಇದ್ದದ್ದು, ಅವರು ನಾಲ್ಕು ಸಲ ಬ್ರಷ್ ಆಡಿಸಿದರೆ ಒಂದು ಸಲ ಇಳಿದು ಏಣಿ ಸರಿಸುತ್ತಿದ್ದುದರಿಂದ. ಆಗ ಅದು ನಮಗೆ ವಯಸ್ಸಿನ ನಿಧಾನದ ಹಾಗೆ ಕಾಣುತ್ತಿತ್ತು.

ಈಗ ನಮ್ಮ ಹುಡುಗರೆಲ್ಲ ಎಸ್ ಕೊಕ್ಕೆಯನ್ನೇ ಬಳಸುತ್ತಾರೆ. ಎದೆಯ ಎತ್ತರದ ಮೆಟ್ಟಿಲಿಗೆ, ಬಲಮೂಲೆಗೆ ಒತ್ತಿ ಹಾಕಿದರೆ ಡಬ್ಬಿಯ ಬಾಯಿ ಸೊಂಟದ ಹತ್ತಿರ ಬರುತ್ತದೆ. ಮೊಣಕಾಲಿಗೆ ತಾಗುವುದು ಕಡಿಮೆ. ಎಡಗೈಯವನಾದರೆ ಎಡಮೂಲೆ. ಹತ್ತುವಾಗ ಡಬ್ಬಿ ಕೈಯಲ್ಲಿ ಇರಕೂಡದು. ಕೈಗೆಟಕುವ ಮೇಲಿನ ಮೆಟ್ಟಿಲಿಗೆ ಸಿಕ್ಕಿಸು, ಎರಡು ಮೆಟ್ಟಿಲು ಹತ್ತು, ಮತ್ತೆ ಮೇಲೆ ಸಿಕ್ಕಿಸು. ಬೇಸರದ ಕೆಲಸ, ಹುಡುಗರು ಗೊಣಗುತ್ತಾರೆ. "ಅಣ್ಣ, ಆಷಾಢದ ಗಾಳಿಗೆ ಡಬ್ಬಿ ಗಡಿಯಾರದ ಲೋಲಕದ ಹಾಗೆ ಆಡುತ್ತದೆ" ಎಂದು ಒಬ್ಬ ದೂರಿದ. ಇನ್ನೊಂದು ರಬ್ಬರ್ ಬಳೆ ಕೊಟ್ಟು ಡಬ್ಬಿಯನ್ನು ಪಟ್ಟಿಗೆ ಕಟ್ಟಿಕೋ ಎಂದೆ. ಮಡಚುವ ಏಣಿಯ ನೆತ್ತಿಯ ಮೇಲೆ ಡಬ್ಬಿ ಇಡುವ ಚಟವನ್ನು ಮಾತ್ರ ಇನ್ನೂ ಪೂರ್ತಿ ಬಿಡಿಸಲಾಗಿಲ್ಲ.

ಕಳೆದ ವರ್ಷ ಅದೇ ಮನೆಯವರು ಮತ್ತೆ ಬಣ್ಣಕ್ಕೆ ಕರೆದರು. ಟೊಮೆಟೊ ಸಂಡಿಗೆ ಎಂದಿದ್ದ ಹುಡುಗನಿಗೆ ಈಗ ಮೀಸೆ ಚಿಗುರುತ್ತಿದೆ. ಏಣಿ ಹೊತ್ತು ತಾರಸಿಗೆ ಹೋದರೆ ಅಜ್ಜಿ ಕುರ್ಚಿ ಹಾಕಿಕೊಂಡು ಪಂಚೆಯ ಪಕ್ಕದಲ್ಲೇ ಕೂತಿದ್ದರು. ಪಂಚೆ ಈ ಸಲ ನೀರಿನ ಟ್ಯಾಂಕಿನ ಆಚೆ ಬದಿಯಲ್ಲಿತ್ತು. ನಾನು ಚೀಲದಿಂದ ಕೊಕ್ಕೆ ತೆಗೆದು ಅವರಿಗೆ ತೋರಿಸಿದೆ. ಕೈಗೆ ತೆಗೆದುಕೊಂಡು ರಬ್ಬರನ್ನು ಎರಡು ಸಲ ಎಳೆದು ನೋಡಿ ವಾಪಸ್ ಕೊಟ್ಟರು.

"ಚೆನ್ನಾಗಿದೆ. ಆದರೂ ಸಂಡಿಗೆ ಒಣಗುವವರೆಗೆ ಕೆಳಗೆ ಹೋಗಿ ಕಿಟಕಿಗಳಿಗೆ ಹೊಡಿ."

ಹೋಗಿ ಕಿಟಕಿಗಳಿಗೆ ಹೊಡೆದೆ.