ಬೊಳ್ಳ ತೇಲಲು ಕಲಿತ: ನನ್ನ ಕಡಲಹದ್ದಿನ ಗೇಮ್ ಎಲ್ಲಿಗೆ ಬಂತು

ಕೊನೆಗೂ ಬೊಳ್ಳ ಗಾಳಿಯಲ್ಲಿ ತೇಲಿದ! ಹೊಸದಾಗಿ ಓದುವವರಿಗೆ ಹೇಳುತ್ತೇನೆ: ಬೊಳ್ಳ ನನ್ನ ಪ್ಲಾಟ್‌ಫಾರ್ಮ್ ಗೇಮಿನ (ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಾ ಹೋಗುವ ಆಟ) ನಾಯಕ, ಮಾಯದ ಶಕ್ತಿ ಇರುವ ಹಕ್ಕಿಮರಿ. ಜಾತಿಯಲ್ಲಿ ಬಿಳಿ ಹೊಟ್ಟೆಯ ಕಡಲಹದ್ದು. 2023ರಲ್ಲಿ ನಮ್ಮ ಕಾಸರಗೋಡಿನ ಜಿಲ್ಲಾ ಪಕ್ಷಿ ಅಂತ ಘೋಷಿಸಿದ್ದು ಇದನ್ನೇ, ಹಾಗಾಗಿ ನಾನು ಬೇರೆ ಹಕ್ಕಿ ಹುಡುಕಲು ಹೋಗಲಿಲ್ಲ.

ಹಕ್ಕಿಯನ್ನು ನಾಯಕ ಮಾಡಿದರೆ ಒಂದು ತೊಡಕು ಇದ್ದೇ ಇದೆ. ಹಾರಲು ಬಂದರೆ ಮತ್ತೆ ಜಿಗಿಯುವುದು ಯಾಕೆ? ಬೇಕೆಂದೇ ಬೊಳ್ಳನಿಗೆ ಪೂರ್ತಿ ಹಾರಲು ಬಿಟ್ಟು ಗೇಮನ್ನು ಅಕ್ಕನ ಮಗನ ಕೈಗೆ ಕೊಟ್ಟೆ. ಅವನು ಗೇಮಿನಲ್ಲಿರುವ ಬೇಕಲ ಕೋಟೆಯ ಬುರುಜಿನಿಂದ ಸೀದಾ ಹಾರಿ ಆಚೆ ತುದಿಯಲ್ಲಿ ಇಳಿದು, "ಮಾವ, ನಡುವೆ ಈ ಕಲ್ಲೆಲ್ಲ ಎಂತಕ್ಕೆ ಇಟ್ಟದ್ದು?" ಎಂದು ಕೇಳಿದ. ಸರಿಯಾದ ಪ್ರಶ್ನೆ ಅಲ್ವಾ?

1998ರಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಬಂದ ಬ್ಯಾಂಜೊ-ಕಜೂಯಿ ಗೇಮಿನಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರ ಇದೆ. ಕರಡಿಯ ಬೆನ್ನಚೀಲದಲ್ಲಿ ಕೂತಿರುವ ಹಕ್ಕಿ ಕಜೂಯಿಗೆ ಹಾರಲು ಬರುತ್ತದೆ, ಆದರೆ ಗೊತ್ತುಮಾಡಿದ ಜಾಗದಿಂದಲೇ ಮೇಲೇಳಬೇಕು, ಕೆಂಪು ಗರಿಗಳನ್ನು ಖರ್ಚು ಮಾಡಬೇಕು. ಹಾರಾಟಕ್ಕೆ ಬೆಲೆ ಇದೆ. ನನಗೆ ಮಾತ್ರ ಗರಿ ಎಣಿಸುವ ಆಟ ಬೇಡವಾಗಿತ್ತು. ನಿಜವಾದ ಕಡಲಹದ್ದಿನ ಮರಿ ಕಂದು ಬಣ್ಣದ್ದು, ಬಿಳಿ ಮತ್ತು ಬೂದು ಗರಿ ಪೂರ್ತಿ ಬರಲು ವರ್ಷಗಳೇ ಹಿಡಿಯುತ್ತವೆ. ಬೊಳ್ಳನ ಶಕ್ತಿಯೂ ಹಾಗೇ ಬರಲಿ ಎಂದುಕೊಂಡೆ. ಕಂದು ಮರಿಗೆ ಬರೀ ಜಿಗಿತ. ಎದೆಯಲ್ಲಿ ಬಿಳಿ ಮೂಡಿದಾಗ ತೇಲುವುದು. ಪರದೆಯ ಮೂಲೆಯಲ್ಲಿ ಶಕ್ತಿ ತೋರಿಸುವ ಮೀಟರ್ ಬೇಡ, ಹಕ್ಕಿಯನ್ನು ನೋಡಿದರೆ ಸಾಕು, ಏನು ಬರುತ್ತದೆ ಅಂತ ಗೊತ್ತಾಗುತ್ತದೆ.

ಜಿಗಿತದ ಲೆಕ್ಕ ಇಷ್ಟು (ಎಲ್ಲ ಪಿಕ್ಸೆಲ್ ಮತ್ತು ಸೆಕೆಂಡಿನಲ್ಲಿ). ಒಂದು ಕಲ್ಲು 16 ಪಿಕ್ಸೆಲ್, ಜಿಗಿತ ಮೂರು ಕಲ್ಲಿನ ಎತ್ತರ, ತುದಿ ಮುಟ್ಟಲು 0.4 ಸೆಕೆಂಡ್. ಅದರಿಂದ ಗುರುತ್ವ 600, ಹೊರಡುವ ವೇಗ 240 ಅಂತ ಸಿಗುತ್ತದೆ. ತೇಲುವಾಗ ಬೀಳುವ ವೇಗ 40 ದಾಟದ ಹಾಗೆ ತಡೆದಿದ್ದೇನೆ, ಮುಂದೆ ಹೋಗುವ ವೇಗ 120. ಅಂದರೆ ಒಂದು ಕಲ್ಲು ಇಳಿಯುವಷ್ಟರಲ್ಲಿ ಮೂರು ಕಲ್ಲು ಮುಂದೆ. ಈಗ ಕಲ್ಲುಗಳನ್ನು ಎಲ್ಲಿ ಇಡಬೇಕು ಅಂತ ಕಾಗದದ ಮೇಲೇ ಗೊತ್ತಾಗುತ್ತದೆ, ಸುಮ್ನೆ ಅಂದಾಜಿನಲ್ಲಿ ಇಡಬೇಕಾಗಿಲ್ಲ. ಅಂಚು ದಾಟಿದ ಮೇಲೂ 6 ಫ್ರೇಮ್ (ಪರದೆಯಲ್ಲಿ ಒಂದರ ಹಿಂದೊಂದು ಬರುವ ಚಿತ್ರ) ತನಕ ಜಿಗಿಯಬಹುದು. ನಾನು ಗೇಮ್ ಕಟ್ಟುತ್ತಿರುವ ಗೊಡೋ ತಂತ್ರಾಂಶದಲ್ಲಿ ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅದು 0.1 ಸೆಕೆಂಡ್. ಆಡುವವರಿಗೆ ಇದು ಕಾಣುವುದೇ ಇಲ್ಲ, ಆದರೆ ತೆಗೆದರೆ ಕೂಡಲೇ ಸಿಟ್ಟು ಬರುತ್ತದೆ.

ಚಿತ್ರದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ರೆಕ್ಕೆ. ಗರುಡ ತೇಲುವಾಗ ರೆಕ್ಕೆಯನ್ನು ಹೆಚ್ಚುಕಮ್ಮಿ ಚಪ್ಪಟೆಯಾಗಿ ಚಾಚುತ್ತದೆ, ಕಡಲಹದ್ದು ಎರಡೂ ರೆಕ್ಕೆ ಮೇಲೆತ್ತಿ ಹಿಡಿಯುತ್ತದೆ. ರೆಕ್ಕೆಯ ತುದಿಯನ್ನು ಬೆನ್ನಿಗಿಂತ ಮೂರು ಪಿಕ್ಸೆಲ್ ಮೇಲೆ ಇಟ್ಟ ಕೂಡಲೇ ಬೊಳ್ಳ ಕಡಲಹದ್ದಾದ. ಕೋಟೆಯ ಮುರಕಲ್ಲಿನ ಕೆಂಪಿನ ಎದುರು ಕಂದು ಮರಿ ಕಾಣಲಿ ಅಂತ ಸುತ್ತ ತೆಳು ಬಿಳಿ ಗೆರೆ ಕೊಟ್ಟೆ.

ಮುಂದಿನ ಹಂತ ಸುರಂಗ. ನಮ್ಮಲ್ಲಿ ನೀರಿಗಾಗಿ ಗುಡ್ಡದ ಒಳಗೆ ಅಡ್ಡಕ್ಕೆ ತೋಡುತ್ತಾರಲ್ಲ, ಅದೇ. ಒಬ್ಬರು ಬಗ್ಗಿ ಹೋಗುವಷ್ಟು ಇಕ್ಕಟ್ಟು, ಒಸರಿದ ನೀರು ಪಂಪ್ ಇಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ತೋಡುವವರು ಒಳಗೆ ಉಸಿರಾಡುವ ಗಾಳಿ ಇದೆಯಾ ಅಂತ ತಿಳಿಯಲು ಮೇಣದಬತ್ತಿ ಹಚ್ಚಿಟ್ಟು ನೋಡುತ್ತಾರೆ. ಬೊಳ್ಳನ ಮೂರನೇ ಶಕ್ತಿ ಬಂದದ್ದು ಅಲ್ಲಿಂದಲೇ. ಅವನ ರೆಕ್ಕೆಗಾಳಿಗೆ ದೀಪ ಆರುವುದಿಲ್ಲ, ಹೊತ್ತಿಕೊಳ್ಳುತ್ತದೆ. ಒಳಗೆ ಹೋದಷ್ಟೂ ದೀಪ ಸಣ್ಣದಾಗುತ್ತದೆ, ರೆಕ್ಕೆ ಬಡಿದರೆ ಮತ್ತೆ ಉರಿಯುತ್ತದೆ, ಆದರೆ ರೆಕ್ಕೆ ಬಡಿಯುವಾಗ ಜಿಗಿಯಲು ಆಗುವುದಿಲ್ಲ. ದೀಪವಾ, ಜಿಗಿತವಾ ಅಂತ ಆಡುವವರೇ ಆರಿಸಬೇಕು.

ದೀಪದ ಬೆಳಕಿನ ಕೋಡ್ ಓಡುತ್ತಿದೆ, ನೀರು ತೊಟ್ಟಿಕ್ಕುವ ಸದ್ದು ಬಾಕಿ. ಅದನ್ನು ನಮ್ಮ ತೋಟದ ಮೇಲಿನ ಸುರಂಗದಲ್ಲೇ ರೆಕಾರ್ಡ್ ಮಾಡುತ್ತೇನೆ. ಅಷ್ಟಾದ ಮೇಲೆ ಕೋಟೆ ಮತ್ತು ಸುರಂಗ ಎರಡನ್ನೂ ಸೇರಿಸಿ ಆಡಲು ಕೊಡುತ್ತೇನೆ, ಮೊಬೈಲಿಗೂ.