ಎಷ್ಟು ಎಲೆಗೆ ಸಾಲದು?

ಬುಧವಾರ ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಪಾಯಸ. ಭಾನುವಾರ ಬದಿಯಡ್ಕದ ಹತ್ತಿರ ನೆಂಟರ ಮನೆ ಒಕ್ಕಲಿನಲ್ಲಿ, ಅಂದರೆ ಗೃಹಪ್ರವೇಶದಲ್ಲಿ, ಇನ್ನೇನು ಸಾಲದೇ ಹೋಗಲಿದ್ದ ಪಾಯಸ.

ಮೀಟಿಂಗ್ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ನಾನು ಕುಂಬಳೆಯಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವವನು. ಆಫೀಸಿನ ಹೆಸರು ಬೇಡ. ಒಬ್ಬ ಗಿರಾಕಿಯ ಹಳೇ ಲೆಕ್ಕಪತ್ರವನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಸೇರಿಸುವ ಕೆಲಸ ನಡೀತಾ ಇದೆ. ಪಕ್ಕದ ಟೀಮಿನ ಹುಡುಗಿ, ಕೆಲಸಕ್ಕೆ ಹೊಸಬಳು, ಮೀಟಿಂಗಿನಲ್ಲಿ ಹೇಳಿದಳು: "ಸರ್, ಶುಕ್ರವಾರಕ್ಕೆ ಮುಗಿಯುವುದು ಕಷ್ಟ ಉಂಟು."

ಮ್ಯಾನೇಜರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ನನ್ನ ಹತ್ತಿರ ಸಮಸ್ಯೆ ತರಬೇಡಿ, ಪರಿಹಾರ ತನ್ನಿ" ಅಂದರು.

ಅಷ್ಟೇ. ನಮ್ಮಲ್ಲಿ ಕೆಲಸ ಎಲ್ಲಿಗೆ ಬಂತು ಅಂತ ಬಣ್ಣದಲ್ಲಿ ತೋರಿಸುವ ಒಂದು ಶೀಟ್ ಉಂಟು: ಹಸಿರು ಅಂದರೆ ಸರಿ, ಹಳದಿ ಅಂದರೆ ಅನುಮಾನ, ಕೆಂಪು ಅಂದರೆ ತೊಂದರೆ. ಮರುದಿನ ಬೆಳಿಗ್ಗೆ ನೋಡಿದರೆ ಅದರಲ್ಲಿ ಅವಳ ಹೆಸರಿನ ಮುಂದಿದ್ದ ಹಳದಿ ಬಣ್ಣ ಹಸಿರಾಗಿತ್ತು. ರಾತ್ರಿ ಬೆಳಗಾಗುವುದರೊಳಗೆ ಕೆಲಸ ಮುಂದೆ ಹೋಗಿರಲಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲ. ರಜೆ ಕೇಳಿದರೆ ಕೊಡುತ್ತಾರೆ. ದೀಪಾವಳಿಗೆ ಸ್ವಂತ ದುಡ್ಡಿನಲ್ಲಿ ಸ್ವೀಟ್ ತರಿಸುತ್ತಾರೆ. ಆದರೆ ಯಾವುದಾದರೂ ಟ್ರೈನಿಂಗಿಗೆ ಹೋಗಿ ಬಂದರೆ ಅಲ್ಲಿ ಕೇಳಿದ ಮಾತನ್ನು ಆರು ತಿಂಗಳು ಬಿಡುವುದಿಲ್ಲ. ಈ ಪರಿಹಾರದ ಮಾತೂ ಹಾಗೆ ಬಂದದ್ದೇ.

ಇನ್ನು ಪಾಯಸಕ್ಕೆ ಬರುತ್ತೇನೆ. ನಮ್ಮ ಕಡೆ ಮನೆಯಲ್ಲಿ ಜಂಬ್ರ, ಅಂದರೆ ಸಮಾರಂಭ, ಇದ್ದರೆ ನೆಂಟರು ಬರೀ ಉಂಡು ಹೋಗುವುದಲ್ಲ, ಸುದರಿಕೆಗೆ, ಅಂದರೆ ಬಡಿಸಿ ಉಪಚರಿಸಲಿಕ್ಕೆ, ನಿಲ್ಲಬೇಕು. ಭಾನುವಾರದ ಸುದರಿಕೆಯ ಯಜಮಾನಿಕೆ ನೀರ್ಚಾಲು ಮಾವನದ್ದು. ಮಾವ ಹಂತಿ (ಊಟಕ್ಕೆ ಕೂತವರ ಸಾಲು) ಮತ್ತು ಅಡುಗೆ ಚಪ್ಪರದ ನಡುವಿನ ಬಾಗಿಲಲ್ಲಿ ನಿಲ್ಲುತ್ತಾರೆ. ಇಡೀ ದಿನ ಅಲ್ಲೇ. ಅಡುಗೆಯವರ ಹತ್ತಿರ ಹವ್ಯಕ ಭಾಷೆ, ಶಾಮಿಯಾನದವರ ಹತ್ತಿರ ತುಳು, ಗ್ಯಾಸ್ ತಂದವನ ಹತ್ತಿರ ಮಲಯಾಳ. ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ.

ಅವರು ಕೆಲಸ ಹಂಚುವುದನ್ನು ನೋಡಬೇಕು. ಉಪ್ಪು, ಉಪ್ಪಿನಕಾಯಿ ಮಕ್ಕಳಿಗೆ. ಕುದಿಯುವ ಸಾರು ಕೈ ಗಟ್ಟಿ ಇರುವವರಿಗೆ. ತುಪ್ಪದ ಗಿಂಡಿ ಯಾವಾಗಲೂ ಸ್ವಲ್ಪ ಜಿಪುಣರ ಕೈಗೆ. ಧಾರಾಳಿಗಳಿಗೆ ಮಜ್ಜಿಗೆ. ನೆಂಟರೊಳಗೆ ಯಾರು ಜಿಪುಣರು ಅಂತ ಗೊತ್ತಾಗಬೇಕಾದರೆ ಮಾವ ತುಪ್ಪ ಯಾರಿಗೆ ಕೊಟ್ಟರು ಅಂತ ನೋಡಿದರೆ ಸಾಕು. ಆಫೀಸಿನಲ್ಲಿ ಒಂದು ಟೀಮ್ ನೋಡಿಕೊಳ್ಳುವ ನನಗೆ ಸಿಕ್ಕಿದ್ದು ನೀರು. "ನೀನು ಎಡೆಎಡೆಯಲ್ಲಿ ಫೋನು ನೋಡ್ತಿ. ನೀರಾದ್ರೆ ತೊಂದರೆ ಇಲ್ಲ" ಅಂದರು. ಇಷ್ಟು ನೇರವಾದ ಅಪ್ರೈಸಲ್ ನನಗೆ ಯಾರೂ ಕೊಟ್ಟದ್ದಿಲ್ಲ.

ಎರಡನೇ ಹಂತಿ ಏಳುವ ಹೊತ್ತು. ನಾನು ಜಗ್ ತುಂಬಿಸಲು ಬಾಗಿಲ ಹತ್ತಿರ ಬಂದಿದ್ದೆ. ಪಾಯಸದ ಬಾಲ್ದಿ ಹಿಡಿದಿದ್ದ ಪ್ಲಸ್ ವನ್ ಓದುವ ಹುಡುಗ ಒಳಗೆ ಹೋಗಿ ಪಾಯಸದ ದೊಡ್ಡ ಪಾತ್ರೆ ಉರುಳಿಗೆ ಇಣುಕಿ ಬಂದ. ಮುಖ ಬಾಡಿತ್ತು.

"ಮಾವ, ಪಾಯಸ ಸಾಲ್ಲಿಕ್ಕಿಲ್ಲ."

ಪಕ್ಕದಲ್ಲಿ ಮನೆಯವರ ಭಾವ ಒಬ್ಬರು ಜರಿ ಶಾಲು ಹೊದ್ದು ನಿಂತಿದ್ದರು. ಇಂಥವರು ಪ್ರತಿ ಜಂಬ್ರದಲ್ಲೂ ಒಬ್ಬರಿರುತ್ತಾರೆ. ಒಂದು ಎಲೆ ಹಾಸುವುದಿಲ್ಲ, ಹಾಸಿದ ಎಲೆ ಓರೆಯಾಗಿದೆ ಅಂತ ಹೇಳುತ್ತಾರೆ. ಅವರು ತಕ್ಷಣ, "ಸರಿಯಾಗಿ ಬಡಿಸಿದ್ರೆ ಸಾಕಾಗ್ತದೆ. ಸೌಟು ತುಂಬ ತುಂಬ ಹೊಯ್ದದ್ದು ಯಾರು?" ಅಂದರು.

ಮಾವ ಆ ಕಡೆ ತಿರುಗಲೇ ಇಲ್ಲ. ಹುಡುಗನ ಬಾಲ್ದಿಯಿಂದ ಸೌಟು ತೆಗೆದು ಒಮ್ಮೆ ಅದ್ದಿ ನೋಡಿದರು. "ಹೇಳಿದ್ದು ಒಳ್ಳೇದಾಯ್ತು. ಎಷ್ಟು ಎಲೆಗೆ ಸಾಲದು?"

ಹುಡುಗ ಒಂದು ಗಳಿಗೆ ಯೋಚಿಸಿದ. "ಒಂದು ಅರುವತ್ತು ಎಲೆಗೆ, ಮಾವ. ಎರಡನೇ ಸರ್ತಿ ಕೇಳಿದ್ರೆ ಇನ್ನೂ ಜಾಸ್ತಿ."

ಆಮೇಲೆ ನಡೆದದ್ದು ಬೇಗಬೇಗ. ಸ್ಕೂಟರಿನವನೊಬ್ಬ ಶ್ಯಾವಿಗೆ, ಹಾಲು ತರಲು ಬದಿಯಡ್ಕ ಪೇಟೆಗೆ ಹೋದ. ಅಡುಗೆಯವರು ಒಂದು ಒಲೆ ಖಾಲಿ ಮಾಡಿದರು, ಗೊಣಗುತ್ತಾ. ಪಾಯಸದ ಸೌಟು ಬದಲಾಗಿ ಸಣ್ಣದು ಬಂತು. ಮೂರನೇ ಹಂತಿ ಕೂತ ಮೇಲೆ ಮಾವ ಹೋಳಿಗೆ, ಕಾಯಿಹಾಲು ಮೊದಲು ಬಿಟ್ಟರು. ಮತ್ತೆ ಹಂತಿಯ ನಡುವೆ ಕೂತ ಒಬ್ಬ ಹಿರಿಯರ ಹತ್ತಿರ ಹೋಗಿ, "ಎಂತ ಅಣ್ಣಾ, ಒಂದು ಚೂರ್ಣಿಕೆಯೂ ಇಲ್ವಾ ಈ ಹಂತಿಲಿ?" ಅಂತ ಕೇಳಿದರು. ಚೂರ್ಣಿಕೆ ಅಂದರೆ ಊಟದ ನಡುವೆ ಗಟ್ಟಿಯಾಗಿ ಹೇಳುವ ದೇವರ ಸ್ತುತಿ. ಅವರು ಗಂಟಲು ಸರಿಮಾಡಿ ಶುರು ಮಾಡಿದರು. ಅವರದ್ದು ಮುಗಿದ ಮೇಲೆ ಎದುರು ಸಾಲಿನವರು ಸೋಲಬಾರದು ಅಂತ ಇನ್ನೊಂದು. ಪ್ರತಿಯೊಂದಕ್ಕೂ ಕೊನೆಗೆ ಹರಹರ ಮಹಾದೇವ. ಅಷ್ಟರಲ್ಲಿ ಒಳಗೆ ಶ್ಯಾವಿಗೆ ಬೆಂದಿತ್ತು. ಮೂರನೇ ಹಂತಿಯವರು ಕೈ ತೊಳೆಯುತ್ತಾ, "ಎರಡೆರಡು ಬಗೆ ಪಾಯಸ, ಗೌಜಿಯೇ ಗೌಜಿ" ಅಂತ ಹೊಗಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಆದರೆ ನನ್ನ ತಲೆಯಲ್ಲಿ ಈ ವಾರವಿಡೀ ತಿರುಗುತ್ತಿರುವುದು ಸ್ಕೂಟರೂ ಅಲ್ಲ, ಚೂರ್ಣಿಕೆಯೂ ಅಲ್ಲ. ಎಷ್ಟು ಎಲೆಗೆ ಸಾಲದು? ಆ ಮೂರು ಶಬ್ದ. ಹುಡುಗ ಬಂದದ್ದು ಒಂದು ಹೆದರಿಕೆ ಹಿಡಿದುಕೊಂಡು. ಪ್ರಶ್ನೆ ಕೇಳಿದ ಕೂಡಲೇ ಹೆದರಿಕೆ ಹೋಗಿ ಲೆಕ್ಕ ಬಂತು. ಅರುವತ್ತು ಎಲೆ ಅಂದ ಮೇಲೆ ಎಷ್ಟು ಹಾಲು, ಎಷ್ಟು ಶ್ಯಾವಿಗೆ ಅಂತ ಅಡುಗೆಯವರಿಗೆ ಯಾರೂ ಹೇಳಬೇಕಾಗಲಿಲ್ಲ.

ಅಲ್ಲಿ ಮಾವ "ಪರಿಹಾರ ತಾ" ಅಂದಿದ್ದರೆ? ಹುಡುಗನ ಹತ್ತಿರ ಸ್ಕೂಟರಿನ ಕೀ ಇಲ್ಲ. ಅಡುಗೆಯವರಿಗೆ ಒಲೆ ಖಾಲಿ ಮಾಡಿ ಅಂತ ಹೇಳುವ ಅಧಿಕಾರ ಇಲ್ಲ. ಹಿರಿಯರಿಗೆ ಚೂರ್ಣಿಕೆ ಹೇಳಿ ಅನ್ನುವ ಸಲಿಗೆಯಂತೂ ಇಲ್ಲವೇ ಇಲ್ಲ. ಅವನ ಕೈಯಲ್ಲಿದ್ದ ಒಂದೇ ಪರಿಹಾರ ಅಂದರೆ ಅರ್ಧ ಸೌಟು ಬಡಿಸಿ, ಯಾರ ಮುಖವನ್ನೂ ನೋಡದೆ ಮುಂದೆ ಹೋಗುವುದು. ಆಫೀಸಿನಲ್ಲಿ ನಡೆಯುವುದೂ ಅದೇ ಅಲ್ವಾ? ಪರಿಹಾರ ತಾ ಅಂದರೆ ಜನ ಅರ್ಧ ಸೌಟು ಬಡಿಸಲು ಶುರು ಮಾಡುತ್ತಾರೆ. ಟೆಸ್ಟಿಂಗ್ ಸ್ವಲ್ಪ ಕಡಿಮೆ, ತಾಳೆ ನೋಡುವುದು ಸ್ವಲ್ಪ ಕಡಿಮೆ. ಶೀಟ್ ಮಾತ್ರ ಹಸಿರು. ಹೊರಗೆ ಹಸಿರು, ಒಳಗೆ ಕೆಂಪು, ನಮ್ಮ ಬಚ್ಚಂಗಾಯಿಯ (ಕಲ್ಲಂಗಡಿಯ) ಹಾಗೆ. ಸಮಸ್ಯೆ ಮೊದಲು ಕಣ್ಣಿಗೆ ಬೀಳುವುದು ಕೆಳಗಿನವರಿಗೆ. ಅದನ್ನು ಸರಿಮಾಡುವ ಅಧಿಕಾರ ಇರುವುದು ಮೇಲಿನವರಿಗೆ. ಈ ಎರಡರ ನಡುವೆ ಬಾಗಿಲು ಹಾಕಿಕೊಂಡು ಕೂತರೆ ಹೇಗೆ?

ಫೋರ್ಡ್ ಕಾರು ಕಂಪೆನಿಯಲ್ಲೂ ಹೀಗೇ ಆಗಿತ್ತು. 2006ರಲ್ಲಿ ಅಲನ್ ಮುಲಾಲಿ ಅಲ್ಲಿಗೆ ಮುಖ್ಯಸ್ಥರಾಗಿ ಬಂದರು. ಅದಕ್ಕೆ ಮೊದಲು ಬೋಯಿಂಗ್‌ನಲ್ಲಿ ಇದ್ದವರು. ವಾರಕ್ಕೊಂದು ಮೀಟಿಂಗ್ ಇಟ್ಟು, ಪ್ರತಿ ಕೆಲಸಕ್ಕೂ ಹಸಿರು, ಹಳದಿ, ಕೆಂಪು ಬಣ್ಣ ಹಾಕಿ ತರಲು ಹೇಳಿದರು. ಎಲ್ಲರೂ ಹಸಿರನ್ನೇ ತಂದರು. ಆ ವರ್ಷ ಕಂಪೆನಿಯ ನಷ್ಟ 1,200 ಕೋಟಿ ಡಾಲರಿಗೂ ಜಾಸ್ತಿ! ಇಷ್ಟು ನಷ್ಟ ಆಗುತ್ತಿರುವಾಗ ಸರಿಯಿಲ್ಲದ್ದು ಒಂದೂ ಇಲ್ಲವೇ ಅಂತ ಅವರು ಕೇಳಿದರು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬವರು ಕೆಂಪು ಹಾಕಿ ತಂದರು. ಹೊಸ ಕಾರೊಂದರಲ್ಲಿ ತೊಂದರೆ ಕಂಡು ಅದರ ಬಿಡುಗಡೆಯನ್ನು ನಿಲ್ಲಿಸಿದ್ದರು. ಇವನ ಕೆಲಸ ಹೋಯಿತು ಅಂತ ಉಳಿದವರು ಕಾಯುತ್ತಿದ್ದರೆ ಮುಲಾಲಿ ಚಪ್ಪಾಳೆ ತಟ್ಟಿದರು. ಯಾರು ಸಹಾಯ ಮಾಡಬಹುದು ಅಂತ ಕೇಳಿದರು. ಮುಂದೆ 2014ರಲ್ಲಿ ಮುಲಾಲಿ ನಿವೃತ್ತರಾದಾಗ ಆ ಕುರ್ಚಿಗೆ ಬಂದದ್ದೂ ಇದೇ ಫೀಲ್ಡ್ಸ್.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಕಂಡದ್ದು ಇನ್ನೂ ಮಜಾ ಇದೆ. 1990ರ ದಶಕದಲ್ಲಿ ಅವರು ನರ್ಸ್‌ಗಳ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೊರಟರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಲೆಕ್ಕ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ಗೊತ್ತಾಯಿತು, ಅವರು ತಪ್ಪು ಜಾಸ್ತಿ ಮಾಡುತ್ತಿದ್ದದ್ದಲ್ಲ, ಆದದ್ದನ್ನು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಮ್ಮ ಆಫೀಸಿನಲ್ಲಿ ಈ ವರ್ಷ ಬಹುಮಾನ ಸಿಕ್ಕಿದ್ದು ಇಡೀ ವರ್ಷ ಒಂದೂ ಕೆಂಪು ತೋರಿಸದ ಟೀಮಿಗೆ. ಯೋಚಿಸಿ ನೋಡಿ.

ಇಷ್ಟಕ್ಕೇ ನಿಲ್ಲಿಸಿದರೆ ಊರಿನ ಮಾವ ಜಾಣ, ಆಫೀಸಿನವರು ದಡ್ಡರು ಅಂತ ಆಗುತ್ತದೆ. ಅಂಥ ಕತೆಗಳು ವಾಟ್ಸಾಪಿನಲ್ಲಿ ಬೇಕಾದಷ್ಟು ಬರುತ್ತವೆ. ಮಾವನನ್ನು ನಾನು ಬೇರೆ ಜಾಗದಲ್ಲೂ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಇವರೇ ಅಧ್ಯಕ್ಷರು. ಕಲ್ಲಿನ ಕೆಲಸ ಹಿಂದೆ ಬಿದ್ದಿದೆ, ಹಣ ಸಾಲುವುದಿಲ್ಲ ಅಂತ ಸಮಿತಿಯಲ್ಲಿ ಎಲ್ಲರಿಗೂ ಗೊತ್ತು. ಬ್ರಹ್ಮಕಲಶದ, ಅಂದರೆ ಪುನಃಪ್ರತಿಷ್ಠೆಯ ಉತ್ಸವದ, ಆಮಂತ್ರಣ ಕಾಗದ ಅಚ್ಚಾಗಿ ಬರುವ ತನಕ ಒಬ್ಬರೂ ಬಾಯಿ ಬಿಡಲಿಲ್ಲ. ಯಾಕೆಂದರೆ ಮೊದಲ ಸಭೆಯಲ್ಲಿ ಒಬ್ಬರು ಸಂಶಯ ಎತ್ತಿದಾಗ ಮಾವ, "ನಾನು ಮಾತು ಕೊಟ್ಟಾಗಿದೆ. ಆಗುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು" ಅಂದಿದ್ದರಂತೆ. ನನ್ನ ಅಪ್ಪನೂ ಆ ಸಭೆಯಲ್ಲಿ ಇದ್ದವರು. ಎದ್ದೂ ಹೋಗಲಿಲ್ಲ, ಮಾತೂ ಆಡಲಿಲ್ಲ. ಕೊನೆಗೆ ಬ್ರಹ್ಮಕಲಶ ಒಂದು ವರ್ಷ ಮುಂದೆ ಹೋಯಿತು. ಕುತ್ತಿಗೆಯವರೆಗೆ ಸಾಲ ಬೇರೆ.

ಗುರುವಾರ ರಾತ್ರಿ ಮಾವನಿಗೆ ಫೋನ್ ಮಾಡಿದೆ. ಪಾಯಸದ ಸುದ್ದಿ ಎತ್ತಿ, ಸುತ್ತುಬಳಸಿ ದೇವಸ್ಥಾನದ ಹತ್ತಿರ ಬಂದೆ. ಬೈಗಳು ಬೀಳಬಹುದು ಅಂತಿತ್ತು. ಮಾವ ಕವಳ ಉಗುಳಿ ಬಂದು ಹೇಳಿದ್ದು ಇಷ್ಟು: "ಪಾಯಸ ಸಾಲದಿದ್ರೆ ಮರ್ಯಾದೆ ಹೋಗುವುದು ಮನೆಯವರದ್ದು ಮಾರಾಯ. ಅಲ್ಲಿ ಹೋಗ್ಲಿಕ್ಕಿದ್ದದ್ದು ನನ್ನದು."

ಇದನ್ನು ನಾನು ಯಾವ ಟ್ರೈನಿಂಗಿನಲ್ಲೂ ಕೇಳಿಲ್ಲ. ಅಲ್ಲಿ ಗುಣದ ಮಾತೇ ಜಾಸ್ತಿ. ಒಳ್ಳೆಯ ಮ್ಯಾನೇಜರ್ ಅಂದರೆ ಕೇಳಿಸಿಕೊಳ್ಳುವವನು, ತಾಳ್ಮೆ ಇರುವವನು ಅಂತ ಸ್ಲೈಡು ತೋರಿಸುತ್ತಾರೆ. ಮನುಷ್ಯ ಅದೇ, ತಾಳ್ಮೆಯೂ ಅಷ್ಟೇ. ಅಡುಗೆ ಚಪ್ಪರದ ಬಾಗಿಲಲ್ಲಿ ಎಷ್ಟು ಎಲೆಗೆ ಸಾಲದು ಅಂತ ಕೇಳಿದವರಿಗೆ ಸಮಿತಿಯ ಮೇಜಿನಲ್ಲಿ ಎಷ್ಟು ರೂಪಾಯಿ ಸಾಲದು ಅಂತ ಕೇಳಲು ಆಗಲಿಲ್ಲ. ಮಾತು ಕೊಟ್ಟವನಿಗೆ ಕೆಟ್ಟ ಸುದ್ದಿ ಸುದ್ದಿಯ ಹಾಗೆ ಕೇಳುವುದಿಲ್ಲ, ಆರೋಪದ ಹಾಗೆ ಕೇಳುತ್ತದೆ. ನಮ್ಮ ಮ್ಯಾನೇಜರ್ ಕೂಡ ಗಿರಾಕಿಗೆ ಶುಕ್ರವಾರ ಅಂತ ತಾವೇ ಹೇಳಿ ಬಂದವರು. ನಮ್ಮನ್ನು ಕೇಳದೆ ಹೇಳಿದ್ದು, ಅದು ಬೇರೆ ವಿಷಯ. ಹುಡುಗಿ ಬಾಯಿ ತೆರೆದಾಗ ಅವರಿಗೆ ಕೇಳಿಸಿದ್ದು ಕೆಲಸದ ಲೆಕ್ಕ ಆಗಿರಲಿಕ್ಕಿಲ್ಲ. ಹಾಗಾದರೆ ಮಾತು ಕೊಡುವವರೂ ತೊಂದರೆ ಕೇಳುವವರೂ ಒಬ್ಬರೇ ಆಗಿರಬಾರದೋ ಏನೋ. ಜಂಬ್ರದಲ್ಲಿ ಕರೆಯುವುದು ಮನೆಯವರು, ಬಾಗಿಲಲ್ಲಿ ನಿಲ್ಲುವುದು ಬೇರೆಯವರು. ಇದನ್ನು ಯಾರು ಯೋಚಿಸಿ ಮಾಡಿದರೋ, ಸುಮ್ನೆ ಆಗಿ ಬಂತೋ.

ನಿನ್ನೆ ಶುಕ್ರವಾರ ಬಂತು. ಕೆಲಸ ಮುಗಿಯಲಿಲ್ಲ. ಸಂಜೆ ರೈಲಿಗೆ ಹೊರಡುವ ಹೊತ್ತಿಗೆ ಮೇಲ್ ಬಂತು, ಹುಡುಗಿಗೆ ಬರೆದದ್ದು, ನಮಗೆಲ್ಲ ಕಾಪಿ. ಮೊದಲ ಸಾಲೇ, ಇದನ್ನು ಮೊದಲೇ ಯಾಕೆ ತಿಳಿಸಲಿಲ್ಲ?

ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಉತ್ತರ ಬರೆದಿದ್ದಳು. ಸಾರಿ ಅಂತ ಶುರು, ಸಾರಿ ಅಂತ ಕೊನೆ. "ಇದನ್ನು ಕಳಿಸಬೇಡ, ಒಂದು ಗಳಿಗೆ ನಿಲ್ಲು" ಅಂದೆ. ಎಷ್ಟು ಬಾಕಿ ಉಂಟು ಅಂತ ಕೇಳಿದೆ. ಎರಡು ವರ್ಷದ ಲೆಕ್ಕ ತಾಳೆ ನೋಡಲು ಬಾಕಿ, ಇನ್ನೊಬ್ಬರು ಸೇರಿದರೆ ಬುಧವಾರಕ್ಕೆ ಆಗುತ್ತದೆ ಅಂದಳು. ಅದನ್ನೇ ನಾನು ಎಲ್ಲರಿಗೂ ಬರೆದೆ. ಅವಳು ಬುಧವಾರದ ಮೀಟಿಂಗಿನಲ್ಲಿ ಹೇಳಿದ್ದಳು ಅಂತ ಮೊದಲ ಸಾಲು. ಎರಡು ವರ್ಷದ ಲೆಕ್ಕ ಬಾಕಿ, ನನ್ನ ಟೀಮಿನಿಂದ ಒಬ್ಬರನ್ನು ಸೋಮವಾರ ಬಿಟ್ಟುಕೊಡುತ್ತೇನೆ, ಗಿರಾಕಿಗೆ ಬುಧವಾರ ಅಂತ ಹೇಳಬಹುದೇ ಅಂತ ಉಳಿದದ್ದು.

ಮ್ಯಾನೇಜರ್ ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.